ಕ್ಲಿಪ್ಪು, ಕೊಬ್ಬರಿ ಮತ್ತು ಬೋರ್‌ವೆಲ್ ನೀರು

ನಮ್ಮ ತಿಪಟೂರು ಸೀಮೆಯಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರಿಗೆ ಕೊಬ್ಬರಿಯೇ ಮೊದಲ ಶತ್ರು. ನನ್ನ ತಂಗಿ ಕೊಬ್ಬರಿ-ಬೆಲ್ಲ ಪೂರ್ತಿ ಬಿಟ್ಟಳು. ಆದರೂ ಐದು ತಿಂಗಳಲ್ಲಿ ಮೂರು ಸಲ ಬ್ರ್ಯಾಕೆಟ್ ಕಿತ್ತು ಬಂತು, ಒಂದು ಸಲವಂತೂ ಮುದ್ದೆ ಉಣ್ಣುವಾಗ! (ಮುದ್ದೆನ ನಾವು ಅಗಿಯೋದೇ ಇಲ್ಲ, ನುಂಗ್ತೀವಿ.) ಪ್ರತಿ ಸಲ ಚಿಕ್ಕನಾಯಕನಹಳ್ಳಿಯಿಂದ ತುಮಕೂರಿಗೆ ಬಸ್ಸು, ಅಪ್ಪನ ಒಂದು ದಿನದ ಕೆಲಸ ಹಾಳು. "ಇದಕ್ಕಿಂತ ಗಟ್ಟಿ ಗಮ್ ಇಲ್ವಾ ಮೇಡಂ?" ಅಂತ ಅಪ್ಪ ಕೇಳಿಯೇಬಿಟ್ಟರು.

ಡಾಕ್ಟರ್ ಬಿದ್ದ ಬ್ರ್ಯಾಕೆಟ್ ತೋರಿಸಿದರು. ಗಮ್ ಎಲ್ಲಾ ಅದರ ಹಿಂದೆಯೇ ಇತ್ತು, ಹಲ್ಲಿನ ಮೇಲೆ ಚೂರೂ ಇರಲಿಲ್ಲ. ಅಂದರೆ ಗಮ್ ಗಟ್ಟಿಯಾಗೇ ಇದೆ, ಹಲ್ಲು ಅದನ್ನು ಹಿಡಿದುಕೊಂಡಿಲ್ಲ.

ಆ್ಯಸಿಡ್ ಹಚ್ಚಿದರೆ ಎನಾಮಲ್‌ಗೆ ರೆಸಿನ್ ಚೆನ್ನಾಗಿ ಅಂಟುತ್ತೆ ಅಂತ 1955ರಲ್ಲಿ ಅಮೆರಿಕದ ಬ್ಯುನೊಕೋರ್ ತೋರಿಸಿಕೊಟ್ಟರು. ಈಗ ಸಾಮಾನ್ಯವಾಗಿ 37% ಫಾಸ್ಫಾರಿಕ್ ಆ್ಯಸಿಡನ್ನು 15–30 ಸೆಕೆಂಡು ಇಡ್ತಾರೆ. ಕಣ್ಣಿಗೆ ಕಾಣದ ತೂತುಗಳಾಗುತ್ತವೆ, ಅದರೊಳಗೆ ರೆಸಿನ್ ಇಳಿದು ನೀಲಿ ಲೈಟಿಗೆ ಗಟ್ಟಿಯಾಗುತ್ತೆ. ಆದರೆ ನಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ಚಿಕ್ಕಂದಿನಿಂದ ಅದೇ ನೀರು ಕುಡಿದ ತಂಗಿಯ ಹಲ್ಲಲ್ಲಿ ಕಂದು ಗೆರೆಗಳಿವೆ. ಅಂಥ ಎನಾಮಲ್‌ನ ಮೇಲ್ಪದರ ಆ್ಯಸಿಡ್‌ಗೆ ಸುಲಭವಾಗಿ ಬಗ್ಗೋದಿಲ್ಲ.

ಇನ್ನೊಂದು ಆಯ್ಕೆ ಗ್ಲಾಸ್ ಅಯಾನೊಮರ್. ಕಾಂಪೋಸಿಟ್ ರೆಸಿನ್‌ಗೆ ಹಲ್ಲು ಒಣಗಿರಲೇಬೇಕು, ಇದು ಸ್ವಲ್ಪ ಎಂಜಲನ್ನೂ ತಡೆದುಕೊಳ್ಳುತ್ತೆ, ಎನಾಮಲ್‌ನ ಕ್ಯಾಲ್ಸಿಯಂ ಜೊತೆ ರಾಸಾಯನಿಕವಾಗಿಯೂ ಬೆಸೆಯುತ್ತೆ. ಹುಳುಕು ತಡೆಯೋಕೆ ಫ್ಲೋರೈಡ್ ಬೇರೆ ಬಿಡುತ್ತಂತೆ. ಫ್ಲೋರೈಡ್ ಕೆಡಿಸಿದ ಹಲ್ಲಿಗೆ ಫ್ಲೋರೈಡ್ ಗಮ್! ಆದರೆ ಹಿಡಿತ ಸಾಮಾನ್ಯವಾಗಿ ಕಾಂಪೋಸಿಟ್‌ಗಿಂತ ಕಮ್ಮಿ.

ಎಷ್ಟು ಹಿಡಿತ ಸಾಕು? 1975ರಲ್ಲಿ ರೆನಾಲ್ಡ್ಸ್ ಕೊಟ್ಟ 6–8 ಎಂಪಿಎ ಲೆಕ್ಕವನ್ನೇ ಇವತ್ತಿಗೂ ಹೇಳ್ತಾರೆ. ಬ್ರ್ಯಾಕೆಟ್ ತಳ 10 ಚದರ ಮಿಲಿಮೀಟರ್ ಅಂದುಕೊಂಡರೆ ಸುಮಾರು 70 ನ್ಯೂಟನ್, ಏಳು ಕೆಜಿ ತೂಕ. ನಮ್ಮ ಲ್ಯಾಬಲ್ಲಿ ಎಂಪಿಎ ಏರಿದಷ್ಟೂ ಖುಷಿ. ಇಲ್ಲಿ ಅತಿಯಾದರೆ ಕೊನೆಗೆ ಕ್ಲಿಪ್ ಬಿಚ್ಚುವಾಗ ಎನಾಮಲ್ ಚೂರೇ ಎದ್ದು ಬರಬಹುದು. ಎರಡು ವರ್ಷ ನಿಲ್ಲಬೇಕು, ಆಮೇಲೆ ಸದ್ದಿಲ್ಲದೆ ಬಿಡಬೇಕು. ಇಂಥ ಡಿಸೈನ್ ಪ್ರಾಬ್ಲಮ್ ನಮಗೆ ಎಕ್ಸಾಮಲ್ಲಿ ಯಾಕೆ ಬರಲ್ಲ?

ಡಾಕ್ಟರ್ ಗಮ್ ಬದಲಿಸಲಿಲ್ಲ. ಹಲ್ಲಿನ ಮೇಲ್ಪದರವನ್ನು ತೆಳುವಾಗಿ ಉಜ್ಜಿ, ಆ್ಯಸಿಡ್ ಹೆಚ್ಚು ಹೊತ್ತು ಇಟ್ಟು, ಅದೇ ಕಾಂಪೋಸಿಟ್ ಹಾಕಿದರು. ನಾಲ್ಕು ತಿಂಗಳಾಯ್ತು, ನಿಂತಿದೆ.

ಚಿಕ್ಕಪ್ಪನ ಮಗನಿಗೆ ಈಗ ಮೂರು ವರ್ಷ. ಅವನ ದೊಡ್ಡ ಹಲ್ಲುಗಳು ಒಸಡಿನೊಳಗೆ ಇನ್ನೂ ರೂಪುಗೊಳ್ತಿವೆ. ಅವನಿಗೆ ಅಂತಲೇ ಅಪ್ಪ ದಿನಾ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ಹೊತ್ತು ತರ್ತಾರೆ.