ಗುಂಯ್‌ಗುಡುವ ಪೆಟ್ಟಿಗೆ

ಸದ್ದಿನ ವಿಷಯದಲ್ಲಿ ನಮ್ಮ ಮಲೆನಾಡಿನವರಷ್ಟು ಸಹನಶೀಲರು ಬೇರೆಲ್ಲೂ ಇರಲಾರರು. ಮಳೆಗಾಲದ ತಿಂಗಳುಗಳಲ್ಲಿ ಹಂಚಿನ ಮೇಲೆ ಸುರಿಯುವ ಮಳೆ, ಅದು ಬಿಟ್ಟರೆ ಜೀರುಂಡೆ, ಅದೂ ಬಿಟ್ಟರೆ ಮನೆಯ ಹಿಂದಿನ ಹಳ್ಳ. ಇವುಗಳ ನಡುವೆಯೇ ಮಾತಾಡಿ, ಜಗಳವಾಡಿ, ನಿದ್ರಿಸಿ ಬೆಳೆದವರು ನಾವು. ಆದರೆ ಗಣಕಯಂತ್ರದ ಗುಂಯ್‌ಕಾರವನ್ನು ಸಹಿಸುವುದು ನಮ್ಮಿಂದಲೂ ಆಗದ ಕೆಲಸ. ಮಳೆಗೆ ಒಂದು ಲಯವಾದರೂ ಉಂಟು. ಇದಕ್ಕೆ ಅದೂ ಇಲ್ಲ.

ನಮ್ಮ ಮನೆಯಲ್ಲಿ ಇದೊಂದು ಕೌಟುಂಬಿಕ ಸಮಸ್ಯೆಯಾಗಿಯೇ ಪರಿಣಮಿಸಿತು. ನರಸಿಂಹರಾಜಪುರದಲ್ಲಿದ್ದ ನನ್ನ ಚಿಕ್ಕತ್ತೆ ಹಸೆಯ ಹಾಡುಗಳನ್ನು ಹೇಳುವುದರಲ್ಲಿ ಹೆಸರಾದವರು. ಅವರು ತೀರಿಕೊಂಡ ಮೇಲೆ ಉಳಿದದ್ದು, ಒಂದು ಮದುವೆಯ ಮನೆಯಲ್ಲಿ ಧ್ವನಿಮುದ್ರಿಸಿದ ಒಂದೇ ಒಂದು ಕ್ಯಾಸೆಟ್. ಅದನ್ನು ತಮ್ಮನ ಮಗ ಗಣಕಯಂತ್ರಕ್ಕೆ ಇಳಿಸಿಟ್ಟಿದ್ದ. ಅದರಲ್ಲಿದ್ದ ಒಂದು ಹಾಡಿನ ನಡುವಣ ಎರಡು ನುಡಿಗಳು ಮನೆಯಲ್ಲಿ ಯಾರಿಗೂ ಬಾರವು. ಶೃಂಗೇರಿಯ ದೊಡ್ಡತ್ತೆಗೆ ಎಂಬತ್ತು ದಾಟಿದೆ, ಕಿವಿಯೂ ಮಂದ. ತಂಗಿಯ ಹಾಡು ಕೇಳಲೆಂದೇ ಅವರು ಕೊಪ್ಪದ ನಮ್ಮ ಮನೆಗೆ ಬಂದರು. ದನಿ ಏರಿಸಿದಷ್ಟೂ ಗುಂಯ್‌ಕಾರವೂ ಏರಿತು.

"ಇದೆಂತದೋ ಮಾಣಿ, ಅವಳು ಜೇನುಗೂಡಿನೊಳಗೆ ಕೂತ್ಕೊಂಡು ಹಾಡಿದ್ಳೇನೋ?" ಎಂದರು.

ದೋಷ ಹಾಡಿನದಲ್ಲ, ಪೆಟ್ಟಿಗೆಯದು. ಅದರೊಳಗಿನ ಫ್ಯಾನು, ಡಿಸ್ಕುಗಳ ವಿದ್ಯುತ್ತಿನ ಏರಿಳಿತವೆಲ್ಲ ಅಲ್ಲಿಯೇ ಹುಟ್ಟುವ ನವುರಾದ ಧ್ವನಿಸಂಕೇತದೊಡನೆ ಬೆರೆತುಬಿಡುತ್ತದೆ. ಇದಕ್ಕೆ ಉಪಾಯವೆಂದರೆ ಧ್ವನಿಯನ್ನು ಅಂಕಿಗಳಾಗಿಯೇ ಹೊರಗೆ ಕಳುಹಿಸಿ, ಅಂಕಿಯನ್ನು ದನಿಯಾಗಿಸುವ ಕೆಲಸವನ್ನು ದೂರದ ಆಂಪ್ಲಿಫಯರಿಗೆ ಬಿಡುವುದು. ಸೋನಿ ಮತ್ತು ಫಿಲಿಪ್ಸ್ ಕಂಪನಿಗಳ ಹೆಸರು ಹೊತ್ತ ಎಸ್‌ಪಿಡಿಫ್ ಎಂಬ ಪದ್ಧತಿ ಇದೇ. ಸಿ.ಡಿ.ಯ ಕ್ರಮದಲ್ಲಿ ಒಂದು ಸೆಕೆಂಡಿನ ಹಾಡೆಂದರೆ 14,11,200 ಅಂಕಿಗಳು. ಪ್ರತಿಯೊಂದೂ ಸೊನ್ನೆ ಇಲ್ಲವೆ ಒಂದು. ಅಡಿಕೆಯ ಲೆಕ್ಕವನ್ನು ಸಂತೆಯ ಗದ್ದಲದಲ್ಲಿ ಕೂಗಿ ಹೇಳುವುದಕ್ಕೂ ಚೀಟಿಯಲ್ಲಿ ಬರೆದು ಕಳುಹಿಸುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇರುವುದು.

ಮಗ ತಂದುಕೊಟ್ಟಿದ್ದ ಆಂಪ್ಲಿಫಯರಿನ ಬೆನ್ನಿನಲ್ಲಿ ಅಂಕಿಗಳಿಗೆಂದೇ ಒಂದು ಕಿಂಡಿಯಿತ್ತು. ಗಣಕಯಂತ್ರದ ಮದರ್‌ಬೋರ್ಡಿನಲ್ಲಿಯೂ ಅದಕ್ಕೆಂದು ಮುಳ್ಳುಗಳಿದ್ದವು, ಹೊರಬರುವ ದಾರಿ ಮಾತ್ರ ಇರಲಿಲ್ಲ. ಆ ದಾರಿಯನ್ನು ನಾವೇ ಮಾಡಿದೆವು. ಕೈಪಿಡಿಯ ಪ್ರಕಾರ ಅಲ್ಲಿನ ಸಂಕೇತ 5 ವೋಲ್ಟಿನದು, ತಂತಿಗೆ ಬೇಕಾದದ್ದು ಅರ್ಧ ವೋಲ್ಟಿನಷ್ಟು. ರೇಡಿಯೋ ರಿಪೇರಿಯವರ ಡಬ್ಬದಿಂದ 330 ಮತ್ತು 100 ಓಮ್‌ಗಳ ಎರಡು ರೆಸಿಸ್ಟರು, 0.1 ಮೈಕ್ರೋಫ್ಯಾರಡಿನ ಒಂದು ಕೆಪಾಸಿಟರು, ಒಂದು ಸಾಕೆಟ್ಟು ದೊರೆತವು. ತಂತಿ 75 ಓಮ್‌ಗಳದ್ದೇ ಆಗಬೇಕು, ಅದಕ್ಕಾಗಿ ಅಲೆಯಬೇಕಾಗಲಿಲ್ಲ. ಟಿ.ವಿ.ಯ ಡಿಶ್ಶಿಗೆ ಎಳೆದು ಮಿಕ್ಕ ತಂತಿಯೂ ಅದೇ ಜಾತಿಯದು, ಅಟ್ಟದಲ್ಲಿತ್ತು.

ವಿದ್ಯುತ್ ಸಂಪರ್ಕ ತೆಗೆದು, ಪೆಟ್ಟಿಗೆಯ ಹಿಂಬದಿಯ ಖಾಲಿ ತಗಡಿನ ಪಟ್ಟಿಗೆ ತೂತು ಕೊರೆಯುವಾಗ ನನ್ನಾಕೆ, "ಅದು ಹಾಳಾದ್ರೆ ಹಾಡೂ ಹೋಯ್ತು, ಪೆಟ್ಟಿಗೆನೂ ಹೋಯ್ತು" ಎಂದಳು. ಮಾತು ಸುಳ್ಳಲ್ಲ. ಹಾಡಿನ ಪ್ರತಿಯೊಂದನ್ನು ಬೇರೆಡೆ ಇಟ್ಟುಕೊಂಡೇ ಮುಂದುವರಿದೆವು. 5 ವೋಲ್ಟಿನ ಮುಳ್ಳನ್ನು ಮುಟ್ಟದೆ, ಸಂಕೇತ ಮತ್ತು ಭೂಮಿಯ ಎರಡು ಮುಳ್ಳುಗಳಿಗೆ ಮಾತ್ರ ತಂತಿ ಸಿಕ್ಕಿಸಿ, ಬೆಸುಗೆ ಹಾಕಿ, ತೆರೆಯ ಮೇಲೆ ಧ್ವನಿಯ ಹೊಸ ದಾರಿಯನ್ನು ಆರಿಸಿದೆವು.

ಗುಂಯ್‌ಕಾರವಿಲ್ಲ! ಕ್ಯಾಸೆಟ್ಟಿನ ಹಳೆಯ ಸುಯ್ಯೆಂಬ ಸದ್ದು ಉಳಿದಿತ್ತು. ಅದರ ಜೊತೆಗೆ ಬಳೆಯ ಸದ್ದು, ಯಾವುದೋ ಮಗುವಿನ ಅಳು, ಅವುಗಳ ಮೇಲೆ ಚಿಕ್ಕತ್ತೆಯ ತಿಳಿಯಾದ ದನಿ. ದೊಡ್ಡತ್ತೆ ಕಿವಿಗೆ ಅಂಗೈ ಆನಿಸಿ ಕಡೆಯವರೆಗೂ ಕೇಳಿದರು. ಕಣ್ಣೊರೆಸಿಕೊಂಡು, "ಮೂರನೇ ನುಡಿಯಲ್ಲಿ ಒಂದು ಮಾತು ನುಂಗಿದಾಳೆ. ಆಗ್ಲೂ ಹಾಗೇ ಮಾಡ್ತಿದ್ಳು" ಎಂದರು. ಆಮೇಲೆ ಆ ಎರಡು ನುಡಿಗಳನ್ನೂ ನಿಧಾನವಾಗಿ ಹೇಳಿ ನನ್ನಾಕೆಯಿಂದ ಬರೆಯಿಸಿದರು.

ಈಗ ಮೊಮ್ಮಗಳು ಆ ಹಾಡನ್ನು ಕಲಿಯುತ್ತಿದ್ದಾಳೆ. ಶೃಂಗೇರಿಯಿಂದ ದೊಡ್ಡತ್ತೆ ಫೋನಿನಲ್ಲಿಯೇ ತಿದ್ದುತ್ತಾರೆ. ಆ ನುಂಗಿದ ಮಾತನ್ನು ಮಾತ್ರ ಎರಡೆರಡು ಸಲ ಹೇಳಿಸುತ್ತಾರೆ.