ಮುತ್ತಜ್ಜನ ಕೋವಿ

ಕೊಡಗಿನ ನಮ್ಮ ಮನೆಯಲ್ಲಿ ಮುತ್ತಜ್ಜನ ಕಾಲದ ಸಣ್ಣ ನಳಿಗೆಯ ಕೋವಿಯೊಂದಿದೆ. ಕೈಲ್ ಮುಹೂರ್ತದ ದಿನ ಅದರ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜಿಸುತ್ತೇವೆ. ಹಿಂದೆ ಅದಕ್ಕೆ ತೋಟಾ ತುಂಬುತ್ತಿದ್ದವರು ದೊಡ್ಡಪ್ಪ: ಅಳೆದ ಕರಿಮದ್ದು, ಮೇಲೆ ಉಣ್ಣೆಯ ಬಿಲ್ಲೆ, ಆಮೇಲೆ ಚರೆ.

ಒಮ್ಮೆ ನಾನು ಜಾಣತನ ತೋರಿಸಲು ಹೋಗಿ ಹೊಗೆಯಿಲ್ಲದ ಹೊಸ ಮದ್ದನ್ನು ಅದೇ ಅಳತೆಗೆ ಸುರಿದುಬಿಟ್ಟೆ. ದೊಡ್ಡಪ್ಪ ತೋಟಾ ಕಿತ್ತುಕೊಂಡು ಬಿಚ್ಚಿದರು, ಬೈಯಲಿಲ್ಲ. “ಈ ಮದ್ದು ಫ್ರಾನ್ಸಿನಲ್ಲಿ ಹುಟ್ಟಿದ್ದು 1884ರಲ್ಲಿ. ನಳಿಗೆ ಅದಕ್ಕೂ ಹಳೆಯದು. ಇದರ ಒತ್ತಡ ತಾಳದು. ಸೀಳಿದರೆ ಹೋಗುವುದು ಹಕ್ಕಿಯಲ್ಲ ಮಗೂ, ನಳಿಗೆ ಹಿಡಿದ ಎಡಗೈ” ಎಂದರು.

ಈಗ ಮೊಮ್ಮಗ ಕೋವಿಯ ಕತೆ ಕೇಳುತ್ತಾನೆ. ಹೇಳುವ ಮುಂಚೆ ಎಡಗೈ ನೋಡಿಕೊಳ್ಳುತ್ತೇನೆ: ಐದು ಬೆರಳೂ ಇವೆ.