ಕೂಸಿನ ಮನಿ ಬಾಗಿಲು ತೆಗೆದೈತೇನು?

ನನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ಬೆಳೆಸಿದ್ದು ಅವ್ವನಿಗಿಂತ ಹೆಚ್ಚಾಗಿ ನಮ್ಮಕ್ಕ. ನಾನು ಹುಟ್ಟಿದಾಗ ಆಕೆ ಮೂರನೇ ಇಯತ್ತೆಯಲ್ಲಿ ಓದುತ್ತಿದ್ದಳು. ಅವ್ವ ಕಳೆ ತೆಗೆಯಲು ಹೋದರೆ ಮಾತ್ರ ಮನೆಯಲ್ಲಿ ಒಲೆ ಹತ್ತುತ್ತಿತ್ತು. ಕೂಸನ್ನು ನೋಡುವವರು ಯಾರು? ‘ಎರಡು ತಿಂಗಳು ಸಾಲಿ ಬಿಡು’ ಅಂದರು. ಎರಡು ತಿಂಗಳು ಎರಡು ವರ್ಷವಾಯಿತು. ಆಮೇಲೆ ಚಿಕ್ಕ ಮಕ್ಕಳ ಜೊತೆ ಕೂರಲು ಆಕೆಗೇ ನಾಚಿಕೆ.

ಇವತ್ತು ಅಕ್ಕನಿಗೆ ಸಹಿ ಹಾಕಲು ಬರುತ್ತದೆ, ಬಸ್ಸಿನ ಬೋರ್ಡು ಓದಲು ಬರುವುದಿಲ್ಲ. ನಾನು ಪತ್ರಿಕೋದ್ಯಮ ಓದಿದೆ. ಆ ಲೆಕ್ಕ ನನ್ನ ತಲೆಯಿಂದ ಹೋಗಿಲ್ಲ.

ಅಕ್ಕನನ್ನು ಕೊಟ್ಟಿರುವುದು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಗೆ. ಮಾವ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. 2024ರ ಜೂನ್‌ನಲ್ಲಿ ಅಕ್ಕನ ಮಗಳು ಫೋನ್ ಮಾಡಿದಳು. ಏಳನೇ ತರಗತಿ ಹುಡುಗಿ.

‘ಚಿಗವ್ವಾ, ನಾನು ಈ ತಿಂಗಳು ಸಾಲಿಗೆ ಹೋಗಂಗಿಲ್ಲ. ತಮ್ಮನ್ನ ನೋಡ್ಕೋಬೇಕಂತ.’

ಬೇಸಿಗೆ ರಜೆಯಲ್ಲಿ ಒಂದೂವರೆ ವರ್ಷದ ತಮ್ಮನನ್ನು ಅವಳೇ ನೋಡಿಕೊಂಡಿದ್ದಳು. ಶಾಲೆ ಶುರುವಾಯಿತು, ಆದರೆ ಬದುವಿನ ಕೆಲಸ ಮುಗಿದಿರಲಿಲ್ಲ. ಮರುದಿನವೇ ಬಸ್ಸು ಹತ್ತಿದೆ. ನಾನು ಜೋರು ಮಾಡುವ ಮೊದಲೇ ಅಕ್ಕ ಕೇಳಿದಳು: ‘ಮತ್ತೇನ್ ಮಾಡ್ಲಿ ತಂಗಿ? ಬಿಸಲಾಗ ಕೂಸಿನ್ನ ಒಯ್ದು ಬದುವಿನ ಮ್ಯಾಲ ಮಲಗಸ್ಲೇನು?’

ಆಗ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ. ಒಂದು ದಿನ ತಪ್ಪಿದರೆ ಅಷ್ಟೂ ಹೋಯಿತು. ತಾಲೂಕು ಊರಿನ ನರ್ಸರಿಗೆ ಓರಗಿತ್ತಿ ತನ್ನ ಮಗನಿಗೆ ವರ್ಷಕ್ಕೆ 18,000 ಕಟ್ಟಿದ್ದಳು, ವ್ಯಾನಿನ ಖರ್ಚು ಬೇರೆ. ಅಕ್ಕನ ಐವತ್ತು ದಿನದ ಕೂಲಿ ಕೊಟ್ಟರೂ ಅದು ಸಾಲದು. ಅದೂ ಅಲ್ಲದೆ ಒಂದೂವರೆ ವರ್ಷದ ಕೂಸನ್ನು ಅವರು ಸೇರಿಸಿಕೊಳ್ಳುವುದೂ ಇಲ್ಲ.

ಅಂಗನವಾಡಿ ಇಲ್ಲವೇ ಅಂತ ನೀವು ಕೇಳಬಹುದು. ಇದೆ. ಅಂಗನವಾಡಿ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು, ನಮ್ಮ ರಾಜ್ಯದಲ್ಲಿ ಮೊದಲು ತಿ. ನರಸೀಪುರದಲ್ಲಿ. ಆದರೆ ಅಲ್ಲಿ ಕೂತು ಆಡಿ ಕಲಿಯುವುದು ಮೂರು ವರ್ಷ ತುಂಬಿದ ಮಕ್ಕಳು. ಅದಕ್ಕಿಂತ ಚಿಕ್ಕವರಿಗೆ ಪೌಷ್ಟಿಕ ಆಹಾರ ಮನೆಗೆ ಕೊಡುತ್ತಾರೆ, ಕೂಸನ್ನು ದಿನವಿಡೀ ಇಟ್ಟುಕೊಳ್ಳುವುದಿಲ್ಲ. ನಮ್ಮಕ್ಕನ ಶಾಲೆ ತಪ್ಪಿದ್ದು ಇದೇ ಸಂದಿನಲ್ಲಿ. ಈಗ ಅವಳ ಮಗಳೂ ಅದೇ ಸಂದಿಗೆ ಬಂದು ನಿಂತಿದ್ದಳು.

ಪಂಚಾಯಿತಿಗೆ ಹೋಗಿ ಕೇಳಿದಾಗ ಗೊತ್ತಾಯಿತು, ಅಲ್ಲಿ ಕೂಸಿನ ಮನೆ ತೆರೆದು ಆಗಲೇ ಕೆಲವು ತಿಂಗಳಾಗಿತ್ತು. ರಾಜ್ಯದ 4,000 ಗ್ರಾಮ ಪಂಚಾಯಿತಿಗಳಲ್ಲಿ ಇಂಥವನ್ನು ತೆರೆಯುವುದಾಗಿ 2023ರ ಜುಲೈ ಬಜೆಟ್‌ನಲ್ಲಿ ಸರ್ಕಾರ ಹೇಳಿತ್ತು. ಕೂಲಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ. ತಾಯಿ ಒಂದು ಪೈಸೆ ಕೊಡಬೇಕಿಲ್ಲ. ನೋಡಿಕೊಳ್ಳುವವರೂ ಜಾಬ್ ಕಾರ್ಡ್ ಇರುವ ಊರಿನ ಹೆಂಗಸರೇ. ಅವರಿಗೆ ತರಬೇತಿ ಕೊಟ್ಟು, ಖಾತ್ರಿ ಕೂಲಿಯನ್ನೇ ಕೊಡುತ್ತಿದ್ದರು. ಆಗ ಒಂದು ಮನೆಗೆ ವರ್ಷಕ್ಕೆ ನೂರೇ ದಿನ ಕೆಲಸವಿತ್ತು, ಹಾಗಾಗಿ ಪಾಳಿಯಲ್ಲಿ ಬರುತ್ತಿದ್ದರು.

ಅಕ್ಕನಿಗೆ ಈ ಜಾಗ ಗೊತ್ತಿತ್ತು. ಕಳಿಸಿರಲಿಲ್ಲ ಅಷ್ಟೇ. ‘ಯಾರ ಕೈಲೆ ಉಣಸ್ತಾರೋ ಏನೋ’ ಅಂದಳು. ಆ ಮಾತಿನ ಅರ್ಥ ನನಗೂ ಗೊತ್ತು, ನಿಮಗೂ ಗೊತ್ತು. ಉಣಿಸುವಾಕಿ ಅದೇ ಬೇಸಿಗೆಯಲ್ಲಿ ಅಕ್ಕನ ಪಕ್ಕದಲ್ಲೇ ಮಣ್ಣು ಹೊತ್ತವಳು. ‘ಆಕಿ ತಂದ ಕೊಡದ ನೀರು ಕುಡದೀಯಲ್ಲ ಯಕ್ಕಾ’ ಅಂದೆ. ಅಕ್ಕ ಉತ್ತರ ಕೊಡಲಿಲ್ಲ. ಮರುದಿನ ಬೆಳಿಗ್ಗೆ ಕೂಸಿಗೆ ಎಣ್ಣೆ ಹಚ್ಚಿ, ತಲೆ ಬಾಚಿ, ತಾನೇ ಎತ್ತಿಕೊಂಡು ಹೋದಳು.

ಮೊದಲ ಮೂರು ದಿನ ಅವನು ಅತ್ತ. ನಾಲ್ಕನೇ ದಿನ ಆಟದ ಲಾರಿ ಹಿಡಿದುಕೊಂಡು ಕೂತ. ಎರಡು ತಿಂಗಳ ನಂತರ ನಾನು ಹೋದಾಗ ಗೋಡೆಯ ಚಿತ್ರ ತೋರಿಸಿ ‘ಆನಿ’ ಅಂದ. ಊಟಕ್ಕೆ ಮೊದಲು ಎರಡೂ ಕೈ ಚಾಚಿ ನೀರು ಹಾಕು ಅನ್ನುವ ಹಾಗೆ ನಿಂತ. ಕಲಿಕೆ ಅಂದರೆ ಎ, ಬಿ, ಸಿ, ಡಿ ಅಂದುಕೊಂಡಿದ್ದ ಅಕ್ಕನಿಗೆ ಇದು ಆಶ್ಚರ್ಯ. ಮನೆಯಲ್ಲಿ ಜೋಲಿಯಲ್ಲಿ ಮಲಗಿಸಿಟ್ಟಿದ್ದರೆ ಇಷ್ಟು ಮಾತಾಡಿಸುವವರು ಯಾರಿದ್ದರು?

ಚುರುಕಾಗಿ ಶಾಲೆಗೆ ಹೋಗುತ್ತಿದ್ದಾಳೆ ದೊಡ್ಡಾಕಿ, ಇನ್ನು ಚಿಂತೆಯಿಲ್ಲ ಅಂದುಕೊಂಡೆ. ಅಷ್ಟರಲ್ಲಿ ಕೂಸಿನ ಮನೆಗೆ ಬೀಗ ಬಿತ್ತು. ನೋಡಿಕೊಳ್ಳುವವರ ಕೂಲಿ ಖಾತೆಗೆ ಬಂದಿರಲಿಲ್ಲ. ಅವರೂ ಬಡವರೇ, ಎಷ್ಟು ದಿನ ಬಿಟ್ಟಿ ಬಂದಾರು? ಒಂಬತ್ತು ದಿನ ಬಾಗಿಲು ತೆಗೆಯಲಿಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ ದೊಡ್ಡಾಕಿಯ ಹೆಸರಿನ ಮುಂದೆ ಬಿದ್ದದ್ದೂ ಒಂಬತ್ತು ಗೈರುಹಾಜರಿ.

ಸರ್ಕಾರದ ದುಡ್ಡು ಯಾರಿಗೆ ಮುಟ್ಟುತ್ತದೆ ಅಂತ ನನಗೆ ನಿಜವಾಗಿ ತಿಳಿದದ್ದು ಆಗಲೇ. ಕಾಗದದಲ್ಲಿ ಅದು ಕೂಸಿನ ಹೆಸರಿನ ಯೋಜನೆ. ಆದರೆ ಅದರಿಂದ ತಾಯಿಗೆ ಕೂಲಿ ಉಳಿಯುತ್ತದೆ, ಅಕ್ಕನಾದವಳಿಗೆ ಶಾಲೆ ಉಳಿಯುತ್ತದೆ. ಒಂದು ಬಿಲ್ಲು ತಡವಾದರೆ ಮೂರೂ ಜನಕ್ಕೆ ಪೆಟ್ಟು.

ಗ್ರಾಮ ಸಭೆ ನಡೆದ ದಿನ ಅಕ್ಕ ಹಿಂದಿನ ಸಾಲಿನಲ್ಲಿ ಕೂತಿದ್ದಳು. ರಸ್ತೆ, ಚರಂಡಿ, ಬೀದಿ ದೀಪದ ಮಾತೆಲ್ಲ ಮುಗಿದ ಮೇಲೆ ಎದ್ದು ನಿಂತಳು. ‘ಕೂಸಿನ ಮನಿ ಯಾಕ ಬಂದ್ ಐತ್ರೀ? ಆಕೀ ಕೂಲಿ ಯಾವಾಗ ಹಾಕ್ತೀರಿ?’ ಎಂದಳು. ಎರಡೇ ಪ್ರಶ್ನೆ, ಕೂತುಬಿಟ್ಟಳು. ಮುಂದಿನ ಸೋಮವಾರ ಬಾಗಿಲು ತೆರೆಯಿತು.

ನಿಮ್ಮ ಪಂಚಾಯಿತಿಯಲ್ಲೂ ಕೇಳಿ: ಕೂಸಿನ ಮನೆ ಇದೆಯೇ? ಕೆಲಸ ಬಿಡುವ ತನಕ ತೆರೆದಿರುತ್ತದೆಯೇ? ನೋಡಿಕೊಳ್ಳುವವರಿಗೆ ಕೂಲಿ ಬಂದಿದೆಯೇ? ಕೇಳುವುದಕ್ಕೆ ಓದು ಬರಬೇಕೆಂದೇನೂ ಇಲ್ಲ.

ದೊಡ್ಡಾಕಿ ಈಗಲೂ ಬೆಳಿಗ್ಗೆ ಎದ್ದ ಕೂಡಲೇ ಕೇಳುವುದು ಒಂದೇ ಮಾತು: ‘ಯವ್ವಾ, ಕೂಸಿನ ಮನಿ ಬಾಗಿಲು ತೆಗೆದೈತೇನು?’ ತೆಗೆದಿದೆ ಅಂದರೆ ಮಾತ್ರ ಪಾಟಿಚೀಲ ಹೆಗಲಿಗೆ ಹಾಕುತ್ತಾಳೆ.